ನೀರು, ಗೊಬ್ಬರ ಮತ್ತು ತರಕಾರಿ ಬೆಳೆ

ಕೆಲವು ವರ್ಷಗಳ ಹಿಂದೆ ಆತ್ಮೀಯ ಕುಟುಂಬವೊಂದರ ಹೊಲಕ್ಕೆ ಹೋಗುವ ಪ್ರಸಂಗ ನಮಗೆ ಒದಗಿತ್ತು. ಅರ್ಧ ಎಕರೆ ಎರೆಭೂಮಿಯಲ್ಲಿ ಟೊಮ್ಯಾಟೊ ಗಿಡಗಳು ಹಳದಿಗೊಂಡು ಬಾಡಿ ನಿಂತಿದ್ದವು. “ಗೊಬ್ಬರ ಸಾಲವಲ್ದರೀ ಗುರುಗಳ” ಎನ್ನುತ್ತ ಮನೆಯ ಯಜಮಾನರು ಯೂರಿಯಾ ಚೀಲದ ಬಾಯಿ ಬಿಚ್ಚಿದರು. ನಾವು ಅವರನ್ನು ತಡೆದು, ಗಿಡದ ಬುಡದಲ್ಲಿ ಒಂದು ಗೇಣು ಅಗೆಯಿಸಿ ನೋಡಿದೆವು. ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದರೆ ನೀರು ಜಿನುಗುತ್ತಿತ್ತು; ಬೇರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ನೀರು ಹೆಚ್ಚಾಗಿ ಬೇರುಗಳಿಗೆ ಉಸಿರುಕಟ್ಟಿತ್ತು.

ನೀರು ಬೇರೆ, ಗೊಬ್ಬರ ಬೇರೆ ಎಂದು ಎಣಿಸುವುದೇ ಇಂತಹ ತಪ್ಪಿಗೆ ಮೂಲ. ಸಸ್ಯವು ಮಣ್ಣಿನಲ್ಲಿರುವ ಆಹಾರವನ್ನು ನೀರಿನಲ್ಲಿ ಕರಗಿದ ರೂಪದಲ್ಲಿಯೇ ಹೀರಿಕೊಳ್ಳುತ್ತದೆ. ನೀರು ಕಡಿಮೆಯಾದರೆ ಗೊಬ್ಬರ ಇದ್ದೂ ಇಲ್ಲದಂತೆ. ಅತಿಯಾದರೆ ಅದು ಬೇರಿಗೆ ಎಟುಕದಷ್ಟು ಆಳಕ್ಕೆ ಇಳಿದುಹೋಗುತ್ತದೆ.

ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ. ಅಂದರೆ 45 ಕಿಲೋ ಚೀಲದಲ್ಲಿ ಸುಮಾರು 21 ಕಿಲೋ. ಮಣ್ಣಿನಲ್ಲಿ ಅದು ಕ್ರಮೇಣ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳಲಾರವು. ಹೆಚ್ಚಿನ ನೀರಿನೊಡನೆ ಅದು ಕೆಳಗಿಳಿದು ಕಡೆಗೆ ಬಾವಿಯನ್ನು ಸೇರುತ್ತದೆ. ಯೂರಿಯಾವನ್ನು ತೇವದ ನೆಲದ ಮೇಲೆ ಎರಚಿ ಮುಚ್ಚದೆ ಬಿಟ್ಟರೆ ಒಂದಷ್ಟು ಭಾಗ ಅಮೋನಿಯಾ ಅನಿಲವಾಗಿ ಗಾಳಿಗೂ ಹೋಗುತ್ತದೆ. ಆದುದರಿಂದ ಸಾರಜನಕವನ್ನು ಒಂದೇ ಸಲಕ್ಕೆ ಸುರಿಯದೆ, ನಾಟಿಯ ವೇಳೆಗೆ ಸ್ವಲ್ಪ, ಬೆಳವಣಿಗೆಯಲ್ಲಿ ಹಾಗೂ ಹೂ-ಕಾಯಿಯ ಕಾಲದಲ್ಲಿ ಉಳಿದುದು ಎಂದು ಹಂಚಿ ಕೊಟ್ಟು, ಮಣ್ಣು ಮುಚ್ಚಬೇಕು. ರಂಜಕವು ಮಣ್ಣಿನಲ್ಲಿ ಹೆಚ್ಚು ಚಲಿಸುವುದಿಲ್ಲ. ಅದನ್ನು ನಾಟಿಗೆ ಮುನ್ನವೇ ಬೇರಿನ ಸಮೀಪ ಸೇರಿಸುವುದು ಯುಕ್ತ.

ಟೊಮ್ಯಾಟೊ ಕಾಯಿಯ ತುದಿ ಕಪ್ಪಾಗಿ ತೊಗಲಿನಂತಾಗುವುದನ್ನು ಎಲ್ಲರೂ ಕಂಡಿರುತ್ತೀರಿ. ರೋಗವೆಂದು ಬಗೆದು ಔಷಧಿ ಸಿಂಪಡಿಸುವವರುಂಟು. ನೆಲವನ್ನು ಒಣಗಲು ಬಿಟ್ಟು, ಆಮೇಲೆ ಒಮ್ಮೆಲೇ ನೀರು ಹಾಯಿಸುವುದರಿಂದ ಸುಣ್ಣದ ಸತ್ವ ಕಾಯಿಗೆ ಸರಿಯಾಗಿ ತಲುಪದಿರುವುದೇ ಇದಕ್ಕೆ ಹಲವು ವೇಳೆ ಕಾರಣ. ಇದಕ್ಕೆ ಮದ್ದು ಸಮನಾದ ತೇವ.

ಹನಿ ನೀರಾವರಿ ಇಲ್ಲಿ ಬಹಳ ಉಪಕಾರಿ. ಗಂಟೆಗೆ 2 ಲೀಟರ್ ಕೊಡುವ ಹನಿಕೆಯಿಂದ ಎಷ್ಟು ನೀರು ಹೋಯಿತೆಂದು ಮಕ್ಕಳೂ ಲೆಕ್ಕ ಹೇಳಬಲ್ಲರು. ಅದರಲ್ಲಿಯೇ ಕರಗುವ ಗೊಬ್ಬರ ಕೊಡುವುದಕ್ಕೆ ರಸಾವರಿ ಎನ್ನುತ್ತಾರೆ. ಮೊದಲು ಬರಿಯ ನೀರು, ನಡುವೆ ಗೊಬ್ಬರದ ನೀರು, ಕೊನೆಗೆ ಕೊಳವೆ ತೊಳೆಯುವಷ್ಟು ಮಾತ್ರ ಬರಿಯ ನೀರು, ಇದು ಕ್ರಮ. ಡಿಎಪಿ ಗೊಬ್ಬರದ ಕಾಳು ಪೂರ್ತಿ ಕರಗದೆ ಹನಿಕೆಯ ಬಾಯಿ ಕಟ್ಟುವುದರಿಂದ ಅದನ್ನು ಇದರಲ್ಲಿ ಬಳಸಬಾರದು. ಹನಿ ನೀರಾವರಿ ಇಲ್ಲದವರು ಬೋದಿನ ಮೇಲೆ ನಾಟಿ ಮಾಡಿ, ಸಾಲಿನಲ್ಲಿ ನೀರು ಹಾಯಿಸಿ, ಒಣಹುಲ್ಲಿನ ಹೊದಿಕೆ ಹಾಕಿದರೂ ಬಹಳ ನೀರು ಉಳಿಯುತ್ತದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವಂತೂ ನೀರನ್ನೂ ಸತ್ವವನ್ನೂ ಹಿಡಿದಿಡುವ ಭಂಡಾರ.

ಈ ವಿಷಯ ಹೊಲದಲ್ಲಿಯೇ ಮುಗಿಯುವುದಿಲ್ಲವೆಂಬುದನ್ನು ತಾಯಂದಿರು ಗಮನಿಸಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಪ್ರಾಣವಾಯು ಒಯ್ಯುವ ಶಕ್ತಿ ಕುಂದಬಹುದು. ನೀರು ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಹೊಲದ ಬಾವಿಯ ನೀರನ್ನೇ ಕುಡಿಯುವ ಮನೆಯವರು ಅದನ್ನು ಪರೀಕ್ಷೆ ಮಾಡಿಸಲೇಬೇಕು.

ಮಣ್ಣಿನ ಪರೀಕ್ಷೆಯೂ ಅಷ್ಟೇ ಅಗತ್ಯ. ಹೊಲದ ಹಲವು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಕೂಡಿಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟು ಕಳುಹಿಸಿದರೆ ಸಾಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯು 12 ಅಂಶಗಳ ಲೆಕ್ಕವನ್ನು ರೈತನ ಕೈಗೆ ಕೊಡಲೆಂದೇ ಹುಟ್ಟಿತು.

ಆ ಕುಟುಂಬದವರು ಅಂದು ಚೀಲದ ಬಾಯಿ ಕಟ್ಟಿದರು. ನಿಂತ ನೀರಿಗೆ ಬಸಿಗಾಲುವೆ ತೋಡಿ, ಎಂಟು ದಿನ ನೀರು ನಿಲ್ಲಿಸಿದರು. ಕೆಲವು ಗಿಡಗಳು ಹೋದವು. ಉಳಿದವು ಹೊಸ ಚಿಗುರು ಬಿಟ್ಟವು. ಇಂದಿಗೂ ಅವರ ಮನೆಯಲ್ಲಿ ಪಂಪು ಚಾಲೂ ಮಾಡುವ ಮುನ್ನ ಒಬ್ಬರು ಒಂದು ಗೇಣು ಮಣ್ಣು ಅಗೆದು ಹಿಚುಕಿ ನೋಡುವ ರೂಢಿಯಿದೆ. ಓದುಗ ಬಂಧುಗಳ ಮನೆಗಳಲ್ಲಿಯೂ ಈ ರೂಢಿ ಬೆಳೆಯಲೆಂದು ಹಾರೈಸುತ್ತೇವೆ.