ಆಂಗ್ಲಭಾಷೆಯ ‘ಸೀ’ ಧಾತು: ಅರ್ಥ ಮತ್ತು ಪ್ರಯೋಗ

ಪಂಚೇಂದ್ರಿಯಗಳಲ್ಲಿ ಕಣ್ಣಿಗೆ ಸಲ್ಲುವ ಅಗ್ರಸ್ಥಾನವು ಭಾಷೆಗಳಲ್ಲಿಯೂ ಪ್ರತಿಫಲಿಸಿದೆ. ಮೂಸುವ, ಸವಿಯುವ, ಮುಟ್ಟುವ ಕ್ರಿಯೆಗಳನ್ನು ಹೇಳುವ ಮಾತುಗಳಿಗಿಂತ ಕಣ್ಣಿನ ವ್ಯಾಪಾರವನ್ನು ಹೇಳುವ ಮಾತುಗಳ ಅರ್ಥವ್ಯಾಪ್ತಿ ಹಿರಿದು. ಆಂಗ್ಲಭಾಷೆಯ ‘ಸೀ’ ಎಂಬ ಧಾತು ಇದಕ್ಕೊಂದು ಒಳ್ಳೆಯ ನಿದರ್ಶನ. ಈ ಪುಟ್ಟ ಮಾತನ್ನು ವಿದ್ಯಾರ್ಥಿಯು ಇಂಗ್ಲಿಷ್ ಕಲಿಕೆಯ ಮೊದಲ ದಿನಗಳಲ್ಲಿಯೇ ಬಾಯಿಪಾಠ ಮಾಡುತ್ತಾನೆ; ಆದರೆ ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವಾಗಲೂ ಅದರ ಪ್ರಯೋಗದಲ್ಲಿ ಎಡವುವವರು ಅನೇಕರು. ‘ಸೀ’, ‘ಲುಕ್’, ‘ವಾಚ್’ ಎಂಬ ಮೂರಕ್ಕೂ ‘ನೋಡು’ ಎಂಬ ಒಂದೇ ಅರ್ಥವನ್ನು ಬರೆಸಿಬಿಡುವುದು ಇದಕ್ಕೊಂದು ಮುಖ್ಯ ಕಾರಣ. ಈ ಭೇದವೆಲ್ಲ ಇಂಗ್ಲಿಷಿನವರ ಸ್ವತ್ತು, ತನ್ನ ನುಡಿಯಲ್ಲಿ ಅದಿಲ್ಲವೆಂದು ಮಗು ಭಾವಿಸುತ್ತದೆ. ವಸ್ತುತಃ ಆ ಭೇದವು ಕನ್ನಡದಲ್ಲಿ ಪ್ರಾಚೀನಕಾಲದಿಂದಲೂ ಇದೆ. ‘ಕಾಣು’ ಮತ್ತು ‘ನೋಡು’ ಎಂಬ ಎರಡು ಧಾತುಗಳೇ ಅದಕ್ಕೆ ಸಾಕ್ಷಿ.

ಕಣ್ಣು ತೆರೆದಿರುವವನಿಗೆ ಎದುರಿಗಿರುವ ವಸ್ತುವು ಪ್ರಯತ್ನವಿಲ್ಲದೆಯೇ ಗೋಚರಿಸುವುದು ‘ಕಾಣು’. ಮನಸ್ಸಿಟ್ಟು ಅದರ ಕಡೆಗೆ ದೃಷ್ಟಿಯನ್ನು ಹರಿಸುವುದು ‘ನೋಡು’. ಮೊದಲನೆಯದು ಫಲ, ಎರಡನೆಯದು ಪ್ರಯತ್ನ. ‘ನೋಡಿದೆ, ಆದರೆ ಏನೂ ಕಾಣಲಿಲ್ಲ’ ಎಂಬ ದಿನಬಳಕೆಯ ಮಾತಿನಲ್ಲಿ ಇವೆರಡರ ಅಂತರ ಸ್ಫುಟವಾಗಿದೆ. ಇಂಗ್ಲಿಷಿನವರು ಇದನ್ನೇ ‘ಐ ಲುಕ್ಡ್, ಬಟ್ ಐ ಸಾ ನಥಿಂಗ್’ ಎನ್ನುತ್ತಾರೆ. ಆದುದರಿಂದ ‘ಸೀ’ ಎಂದರೆ ಕಾಣು, ‘ಲುಕ್’ ಎಂದರೆ ನೋಡು. ಚಲಿಸುವ ಅಥವಾ ಬದಲಾಗುವ ವಸ್ತುವನ್ನು ಕೆಲಹೊತ್ತು ಕಣ್ಣಿಟ್ಟು ನೋಡುತ್ತಿರುವುದು ‘ವಾಚ್’. ಕ್ರಿಕೆಟ್ ಆಟಕ್ಕೂ ದೂರದರ್ಶನಕ್ಕೂ ಈ ಮಾತು ಸಲ್ಲುತ್ತದೆ. ‘ಲುಕ್’ ಎಂಬುದು ತನ್ನ ಕರ್ಮದೊಡನೆ ಸೇರಲು ‘ಅಟ್’ ಎಂಬ ಅವ್ಯಯವನ್ನು ಬಯಸುತ್ತದೆ. ‘ಸೀ’ಗೆ ಅದು ಬೇಕಿಲ್ಲ. ಕುಂದಾಪುರದ ಕಡೆಯ ಆಡುನುಡಿಯಲ್ಲಿ ‘ನೋಡಿ’ ಎನ್ನುವಲ್ಲಿಯೂ ‘ಕಾಣಿ’ ಎನ್ನುವ ವಾಡಿಕೆಯುಂಟು. ಅಂತಹ ಮಕ್ಕಳಿಗೆ ಈ ಭೇದವನ್ನು ಗ್ರಂಥಸ್ಥ ಕನ್ನಡದ ಮೂಲಕ ವಿವರಿಸಬೇಕಾಗುತ್ತದೆ.

ರೂಪಗಳನ್ನು ಪರಿಶೀಲಿಸಿದರೂ ಈ ಸಾಮ್ಯವು ಕುತೂಹಲಕರವಾಗಿದೆ. ‘ಲುಕ್’ ಧಾತುವಿನ ಭೂತಕಾಲ ‘ಲುಕ್ಡ್’, ‘ನೋಡು’ ಧಾತುವಿನ ಭೂತಕಾಲ ‘ನೋಡಿದ’, ಎರಡೂ ಕ್ರಮಬದ್ಧ. ‘ಸೀ’ ಧಾತುವಾದರೋ ‘ಸಾ’, ‘ಸೀನ್’ ಎಂದು ಸ್ವರವನ್ನು ಬದಲಿಸುತ್ತದೆ. ‘ಕಾಣ್’ ಧಾತುವೂ ‘ಕಂಡ’ ಎಂದು ದೀರ್ಘವನ್ನು ಹ್ರಸ್ವವಾಗಿಸಿಕೊಳ್ಳುತ್ತದೆ. ಇದು ಎರಡು ಭಾಷೆಗಳ ನಂಟಿನಿಂದಾದುದಲ್ಲ. ‘ಸೀ’ ಎಂಬುದು ಜರ್ಮನ್ ಭಾಷೆಯ ‘ಸೇಯನ್’ ಎಂಬುದರ ಸೋದರ. ‘ಕಾಣ್’ ಎಂಬುದು ‘ಕಣ್’ ಎಂಬ ನಾಮಪದದೊಡನೆ ಬೆಸೆದುಕೊಂಡ ದ್ರಾವಿಡ ಧಾತು. ಹಳೆಯವೂ ಬಹುಬಳಕೆಯವೂ ಆದ ಮಾತುಗಳು ತಮ್ಮ ಪುರಾತನ ರೂಪಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವೆಂಬುದಷ್ಟೇ ಇದರ ತಾತ್ಪರ್ಯ.

ಇನ್ನು ವಾಕ್ಯರಚನೆ. ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ‘ನನಗೆ ಬೆಟ್ಟ ಕಾಣುತ್ತಿದೆ’ ಎಂಬಲ್ಲಿ ಬೆಟ್ಟವು ಕರ್ತೃ. ಕಾಣುವವನು ಚತುರ್ಥೀ ವಿಭಕ್ತಿಯಲ್ಲಿದ್ದಾನೆ. ಇದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ಬೆಟ್ಟಕ್ಕೇ ಕಣ್ಣು ಬಂದಂತಾಗುತ್ತದೆ! ಆದರೆ ‘ನಾನು ಬೆಟ್ಟವನ್ನು ಕಂಡೆನು’ ಎಂಬ ರಚನೆಯೂ ಕನ್ನಡದಲ್ಲಿ ಶಿಷ್ಟವಾಗಿದೆ. ಇಲ್ಲಿ ಕಾಣುವವನೇ ಕರ್ತೃ, ಬೆಟ್ಟವು ದ್ವಿತೀಯಾ ವಿಭಕ್ತಿಯಲ್ಲಿದೆ. ಇಂಗ್ಲಿಷಿನ ರಚನೆ ಇದಕ್ಕೆ ಸಮಾನವಾದುದು. ಅಧ್ಯಾಪಕರು ಮೊದಲು ‘ನನಗೆ ಕಾಣುತ್ತದೆ’ ಎಂಬುದನ್ನು ‘ನಾನು ಕಾಣುತ್ತೇನೆ’ ಎಂದು ಮಕ್ಕಳಿಂದ ಮಾರ್ಪಡಿಸಿಸಿ, ಅನಂತರ ಭಾಷಾಂತರಕ್ಕೆ ತೊಡಗಿಸಿದರೆ ಅರ್ಧ ತೊಡಕು ನೀಗುತ್ತದೆ.

ಉಳಿದರ್ಧವು ಕಾಲಕ್ಕೆ ಸಂಬಂಧಿಸಿದ್ದು. ‘ಕಾಣುತ್ತಿದೆ’ ಎಂದು ಕನ್ನಡಿಗರು ನಿರಾತಂಕವಾಗಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಕಾಣುವುದು ಪ್ರಯತ್ನವಲ್ಲ, ಒಂದು ಸ್ಥಿತಿ. ಆದಕಾರಣ ಈ ಅರ್ಥದಲ್ಲಿ ‘ಐ ಆಮ್ ಸೀಯಿಂಗ್ ಎ ಹಿಲ್’ ಎನ್ನುವುದು ವಾಡಿಕೆಯಲ್ಲ. ‘ಐ ಕ್ಯಾನ್ ಸೀ ಎ ಹಿಲ್’ ಎನ್ನಬೇಕು. ಆದರೆ ‘ಭೇಟಿಯಾಗು’ ಎಂಬ ಅರ್ಥದಲ್ಲಿ ಈ ನಿರ್ಬಂಧವಿಲ್ಲ. ‘ಐ ಆಮ್ ಸೀಯಿಂಗ್ ದ ಡಾಕ್ಟರ್ ಟುಮಾರೋ’ ಎಂಬುದು ಶುದ್ಧಪ್ರಯೋಗ. ‘ವೈದ್ಯರನ್ನು ಕಂಡು ಬಾ’ ಎಂಬಲ್ಲಿ ಕನ್ನಡದ ‘ಕಾಣು’ವಿಗೂ ಇದೇ ಅರ್ಥವಿದೆ.

ಮತ್ತೊಂದು ಸೂಕ್ಷ್ಮವುಂಟು. ‘ಐ ಸಾ ಹಿಮ್ ಕ್ರಾಸ್ ದ ರೋಡ್’ ಎಂದರೆ ಅವನು ಇತ್ತಣಿಂದ ಅತ್ತ ಪೂರ್ತಿಯಾಗಿ ರಸ್ತೆ ದಾಟಿದುದನ್ನು ಕಂಡೆನೆಂದು ಅರ್ಥ. ‘ಕ್ರಾಸಿಂಗ್’ ಎಂದರೆ ದಾಟುತ್ತಿರುವುದನ್ನು ಕಂಡೆನೆಂದಷ್ಟೇ. ಅವನು ಆಚೆ ದಡ ಸೇರಿದನೋ ಇಲ್ಲವೋ ಆ ಮಾತು ಹೇಳುವುದಿಲ್ಲ. ‘ದಾಟಿದುದನ್ನು’, ‘ದಾಟುತ್ತಿರುವುದನ್ನು’ ಎಂಬ ಕನ್ನಡ ರೂಪಗಳೇ ಈ ಅಂತರವನ್ನು ಬಿಡಿಸಿ ತೋರಿಸುತ್ತವೆ. ಕರ್ತರಿಯಲ್ಲಿ ‘ಕ್ರಾಸ್’ ಎಂಬುದರ ಹಿಂದೆ ‘ಟು’ ಬರುವುದಿಲ್ಲ. ಕರ್ಮಣಿಯಲ್ಲಿ ಮಾತ್ರ ‘ಹಿ ವಾಸ್ ಸೀನ್ ಟು ಕ್ರಾಸ್’ ಎಂದು ಬರುತ್ತದೆ.

ಕಣ್ಣಿನಿಂದ ಬುದ್ಧಿಗೆ ಏರುವುದು ಈ ಧಾತುವಿನ ಮುಂದಿನ ಮೆಟ್ಟಿಲು. ಎದುರಾಳಿಯ ಮಾತು ಮನದಟ್ಟಾದಾಗ ಇಂಗ್ಲಿಷಿನವರು ‘ಐ ಸೀ’ ಎನ್ನುತ್ತಾರೆ. ಇದರಲ್ಲಿ ವಿಸ್ಮಯವೇನೂ ಇಲ್ಲ. ಕನ್ನಡದ ‘ಕಂಡುಕೊಳ್ಳು’, ‘ಕಾಣ್ಕೆ’ ಎಂಬ ಮಾತುಗಳೂ ಅರಿವನ್ನೇ ಹೇಳುತ್ತವೆ. ಸಂಸ್ಕೃತದಲ್ಲಿ ನೋಟವೆಂಬ ಅರ್ಥದ ‘ದರ್ಶನ’ ಶಬ್ದವೇ ತತ್ತ್ವಶಾಸ್ತ್ರದ ಹೆಸರಾಯಿತು. ಅರಿಯುವುದೆಂಬ ಅರ್ಥದ ‘ವಿದ್’ ಧಾತುವಿಗೂ ಕಾಣುವುದೆಂಬ ಅರ್ಥದ ಲ್ಯಾಟಿನ್ ಭಾಷೆಯ ‘ವಿಡೇರೆ’ ಎಂಬುದಕ್ಕೂ ಮೂಲ ಒಂದೇ. ಹೀಗಾಗಿ ‘ವೇದ’ವೂ ‘ವಿಷನ್’ ಎಂಬುದೂ ದೂರದ ಬಂಧುಗಳು. ‘ಸೀ’ಯಿಂದ ಹುಟ್ಟಿದ ‘ಸೀರ್’ ಎಂಬ ನಾಮಪದಕ್ಕೆ ದ್ರಷ್ಟಾರನೆಂದು ಅರ್ಥ. ಕರ್ನಾಟಕದ ಇಂಗ್ಲಿಷ್ ಪತ್ರಿಕೆಗಳು ಮಠಾಧಿಪತಿಗಳನ್ನು ಈ ಮಾತಿನಿಂದಲೇ ಕರೆಯುತ್ತವೆ. ಆದರೆ ರೋಮಿನ ಪೋಪರ ಪೀಠವನ್ನು ಹೇಳುವ ‘ಹೋಲಿ ಸೀ’ ಎಂಬಲ್ಲಿರುವ ‘ಸೀ’ ಬೇರೆಯೇ ಮಾತು. ಅದು ಲ್ಯಾಟಿನ್ ಭಾಷೆಯ ‘ಸೇದೆಸ್’, ಎಂದರೆ ಆಸನ, ಎಂಬುದರಿಂದ ಬಂದುದು. ‘ಪೀಠ’ವೆಂಬುದೇ ಅದಕ್ಕೆ ಸರಿಯಾದ ಕನ್ನಡ.

ಪರಸರ್ಗಗಳು ಸೇರಿದಾಗ ಅರ್ಥವು ಮತ್ತಷ್ಟು ಕವಲೊಡೆಯುತ್ತದೆ. ‘ಸೀ ಟು’ ಎಂದರೆ ಕೆಲಸವನ್ನು ನೋಡಿಕೊಳ್ಳು. ‘ಸೀ ಆಫ್’ ಎಂದರೆ ಪ್ರಯಾಣ ಹೊರಟವರನ್ನು ಬೀಳ್ಕೊಡು. ‘ಸೀ ಥ್ರೂ’ ಎಂಬುದು ಕೆಲಸದ ವಿಷಯದಲ್ಲಿ ಕೊನೆಮುಟ್ಟಿಸು ಎಂದೂ, ವಂಚಕನ ವಿಷಯದಲ್ಲಿ ಅವನ ಒಳಗುಟ್ಟನ್ನು ಅರಿ ಎಂದೂ ಅರ್ಥ ಕೊಡುತ್ತದೆ. ಇವನ್ನು ಬಿಡಿಬಿಡಿಯಾಗಿ ಉರುಹೊಡೆಯುವುದಕ್ಕಿಂತ ಪೂರ್ಣವಾಕ್ಯಗಳಲ್ಲಿ ರೂಢಿಸಿಕೊಳ್ಳುವುದು ಲೇಸು.

ಮಾತೃಭಾಷೆಯು ದಾರಿ ತಪ್ಪಿಸುವ ಎಡೆಗಳೂ ಇಲ್ಲದಿಲ್ಲ. ‘ತಿಂದು ನೋಡು’, ‘ಕೇಳಿ ನೋಡು’ ಎಂಬಲ್ಲಿ ‘ನೋಡು’ ಎಂಬುದು ಪರೀಕ್ಷಾರ್ಥದ ಸಹಾಯಕ ಕ್ರಿಯಾಪದ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ‘ಟ್ರೈ’ ಎಂಬ ಮಾತು ಒಪ್ಪುತ್ತದೆ. ‘ಮಳೆ ಬರುವಂತೆ ಕಾಣುತ್ತದೆ’ ಎಂಬಲ್ಲಿಯ ‘ಕಾಣು’ ಊಹೆಯನ್ನು ಸೂಚಿಸುತ್ತದೆ. ಅಲ್ಲಿ ‘ಸೀ’ ಸಲ್ಲದು, ‘ಸೀಮ್’ ಅಥವಾ ‘ಲುಕ್ಸ್ ಲೈಕ್’ ಎಂಬ ಪ್ರಯೋಗ ಬೇಕು. ಸಾಮ್ಯವನ್ನು ತೋರಿಸಿದಷ್ಟೇ ಎಚ್ಚರದಿಂದ ಈ ವೈಷಮ್ಯವನ್ನೂ ತೋರಿಸುವುದು ಅಧ್ಯಾಪಕರ ಕರ್ತವ್ಯ.

ಹಳ್ಳಿಯಿಂದ ಬಂದ ಬಾಲಕನೊಬ್ಬ ಇಂಗ್ಲಿಷ್ ವಾಕ್ಯದಲ್ಲಿ ತಪ್ಪಿದೊಡನೆ ಅವನನ್ನು ಮಂದಮತಿಯೆಂದು ಎಣಿಸುವ ವಾಡಿಕೆ ನಮ್ಮ ಸಮಾಜದಿಂದ ಇನ್ನೂ ತೊಲಗಿಲ್ಲ. ಆ ನಾಚಿಕೆಯಿಂದಲೇ ಓದಿಗೆ ವಿಮುಖರಾದವರುಂಟು. ಅಂಥವನು ಮಾಡಿದ ತಪ್ಪನ್ನು ಬಿಡಿಸಿ ಪರಿಶೀಲಿಸಿದರೆ, ಅನೇಕ ವೇಳೆ ಅದರ ಒಳಗೆ ಒಂದು ಶುದ್ಧ ಕನ್ನಡ ವಾಕ್ಯ ಅಡಗಿರುತ್ತದೆ. ಆ ವಾಕ್ಯವನ್ನು ಮೊದಲು ಗುರುತಿಸಿ, ಅಲ್ಲಿಂದ ಇಂಗ್ಲಿಷಿನ ವಾಕ್ಯಕ್ಕೆ ಅವನನ್ನು ಕರೆದೊಯ್ಯುವುದು ಕಷ್ಟದ ಕೆಲಸವೇನಲ್ಲ. ಅದಕ್ಕೆ ಹೊಸ ಉಪಕರಣಗಳೂ ಬೇಕಿಲ್ಲ. ಕಲಿಸುವವರಿಗೆ ಇಂಗ್ಲಿಷಿನೊಡನೆ ಕನ್ನಡವೂ ಚೆನ್ನಾಗಿ ತಿಳಿದಿರಬೇಕು.