ವಿ.ಪಿ.ಎನ್. ಫೈಲನ್ನು ಬರೆಯುವ ಬಗೆ

2020ರ ಮಾರ್ಚ್ ತಿಂಗಳ ಕೊನೆಗೆ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಪುಣೆ, ಮುಂಬೈ, ಬೆಂಗಳೂರುಗಳಲ್ಲಿ ನೌಕರಿಯಲ್ಲಿದ್ದ ಎಷ್ಟೋ ತರುಣರು ತಂತಮ್ಮ ಹಳ್ಳಿಗಳಿಗೆ ಮರಳಿ, ಪಡಸಾಲೆಯಲ್ಲಿ ಕುಳಿತೇ ಕಚೇರಿಯ ಕೆಲಸ ಮಾಡತೊಡಗಿದರು. ಆಗ "ವಿ.ಪಿ.ಎನ್. ಹತ್ತವಲ್ದು" ಎಂಬ ಹೊಸ ಮಾತೊಂದು ನಮ್ಮ ಜತ್ತ ತಾಲೂಕಿನ ಮನೆಗಳಿಗೂ ಬಂದಿತು. ಮಕ್ಕಳು ಆಡುವ ಈ ಮಾತಿನ ಅರ್ಥವೇನೆಂದು ಕೇಳುವ ಪಾಲಕರು ಬಹಳ. ಅರ್ಥವನ್ನಷ್ಟೇ ಹೇಳಿ ಬಿಡುವುದಕ್ಕಿಂತ, ಅದನ್ನು ನಡೆಸುವ ಫೈಲನ್ನು ಹೇಗೆ ಬರೆಯುತ್ತಾರೆಂಬುದನ್ನೂ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ಒಂಬತ್ತು, ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಅದು ತಿಳಿಯಲಾರದ ವಿದ್ಯೆಯೇನಲ್ಲ.

ಅಂತರ್ಜಾಲದಲ್ಲಿ ನಾವು ಕಳಿಸಿದ ಸಂದೇಶವು ಹತ್ತಾರು ಯಂತ್ರಗಳ ಕೈದಾಟಿ ಹೋಗುತ್ತದೆ. ಲಕೋಟೆಯಿಲ್ಲದ ಅಂಚೆ ಕಾರ್ಡಿನಂತೆ ಹೋದರೆ ನಡುವಿನವರು ಯಾರಾದರೂ ಓದಬಹುದು. ಈಚೆಗೆ ಬ್ಯಾಂಕು ಮೊದಲಾದವುಗಳ ತಾಣಗಳು ತಾವೇ ಲಕೋಟೆ ಹಾಕಿ ಕಳಿಸುತ್ತವೆ, ಅದು ನಿಜ. ಆದರೆ ವಿ.ಪಿ.ಎನ್. ಮಾಡುವ ಕೆಲಸ ಅದಕ್ಕಿಂತ ಹೆಚ್ಚಿನದು. ದೂರದೂರದ ಎರಡು ಗಣಕಯಂತ್ರಗಳನ್ನು ಒಂದೇ ಮನೆಯೊಳಗೆ ಒಂದೇ ತಂತಿಗೆ ಕಟ್ಟಿದಂತೆ ಅದು ಜೋಡಿಸುತ್ತದೆ. ನಡುವಿನ ದಾರಿಯಲ್ಲಿ ಹೋಗುವುದೆಲ್ಲವೂ ಗುಪ್ತಲಿಪಿಯಾಗಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ತಾಲೂಕಿನ ಒಂದು ದಾಳಿಂಬೆ ತೋಟದ ಮನೆ. ಅಲ್ಲೊಂದು ಚಿಕ್ಕ ಗಣಕಯಂತ್ರ. ಅದರಲ್ಲಿ ತೋಟದ ಕ್ಯಾಮೆರಾದ ಚಿತ್ರಗಳೂ ಔಷಧ-ಗೊಬ್ಬರ-ಕೂಲಿಯ ಲೆಕ್ಕವೂ ಇವೆ. ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ. ಅಲ್ಲಿಂದಲೇ ಅಪ್ಪನ ಲೆಕ್ಕ ನೋಡಿಕೊಡುತ್ತಾಳೆ. ಕ್ಯಾಮೆರಾವನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಟ್ಟರೆ ಮಗಳು ನೋಡಬಹುದು, ಕಳ್ಳನೂ ನೋಡಬಹುದು. ಆದ್ದರಿಂದ ನಡುವೆ ಗುಪ್ತ ದಾರಿಯೊಂದು ಬೇಕು.

ಇಂಥ ದಾರಿ ಮಾಡುವ ಸಾಧನಗಳು ಹಲವಿವೆ. ಜೇಮ್ಸ್ ಯೋನನ್ ಎಂಬವರು 2001ರಲ್ಲಿ ಹೊರತಂದ ಓಪನ್‌ವಿಪಿಎನ್ ಇಂದಿಗೂ ಬಳಕೆಯಲ್ಲಿದೆ. ಜೇಸನ್ ಡೊನೆನ್‌ಫೆಲ್ಡ್ ಎಂಬವರು ರಚಿಸಿದ ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್‌ನ ತಿರುಳಿನೊಳಗೇ ಸೇರಿತು. ಎರಡೂ ಉಚಿತ. ನಾವು ವೈರ್‌ಗಾರ್ಡನ್ನೇ ಆರಿಸಿಕೊಂಡಿದ್ದೇವೆ, ಏಕೆಂದರೆ ಅದರ ಫೈಲು ಹತ್ತು ಹನ್ನೆರಡು ಸಾಲುಗಳಲ್ಲಿ ಮುಗಿಯುತ್ತದೆ. ಓಪನ್‌ವಿಪಿಎನ್‌ನಲ್ಲಿ ಪ್ರಮಾಣಪತ್ರಗಳ ಗೊಡವೆ ಹೆಚ್ಚು. ಹೊಸಬನಿಗೆ ಅಲ್ಲಿಯೇ ತಲೆ ತಿರುಗುತ್ತದೆ.

ಫೈಲು ಬರೆಯುವುದಕ್ಕೂ ಮೊದಲು ಕೀಲಿಗಳು ಬೇಕು. ವೈರ್‌ಗಾರ್ಡಿಗೆ ಒಂದು ಆಜ್ಞೆ ಕೊಟ್ಟರೆ ಪ್ರತಿ ಯಂತ್ರಕ್ಕೂ ಒಂದು ಜೋಡಿಯನ್ನು ಅದು ಹುಟ್ಟಿಸಿಕೊಡುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಕೀ' ಎಂದೇ ಹೆಸರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಒಂದನ್ನು ಕೀಲಿ, ಇನ್ನೊಂದನ್ನು ಕೀಲಿಕೈ ಎನ್ನುವುದೇ ಹೆಚ್ಚು ಸರಿ. ಬಹಿರಂಗ ಕೀಲಿಯನ್ನು ಯಾರಿಗೂ ಕೊಡಬಹುದು. ಗುಪ್ತ ಕೀಲಿಕೈ ಮಾತ್ರ ಹುಟ್ಟಿದ ಯಂತ್ರವನ್ನು ಬಿಟ್ಟು ಕದಲಬಾರದು. ಕೀಲಿಕೈಯಿಂದ ಕೀಲಿಯನ್ನು ಕ್ಷಣದಲ್ಲಿ ಲೆಕ್ಕ ಹಾಕಬಹುದು. ಕೀಲಿಯನ್ನು ನೋಡಿ ಕೀಲಿಕೈಯನ್ನು ಕಂಡುಹಿಡಿಯುವುದು ಇಂದಿನ ಯಾವ ಗಣಕಯಂತ್ರಕ್ಕೂ ಸಾಧ್ಯವಿಲ್ಲ. ಹುಡುಕಬೇಕಾದ ಸಾಧ್ಯತೆಗಳು 70ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಯಷ್ಟಿವೆ! ಗುಪ್ತಲಿಪಿಯ ವಿಧಾನವೆಲ್ಲ ಶತ್ರುವಿಗೆ ತಿಳಿದರೂ ಚಿಂತೆಯಿಲ್ಲ, ಕೀಲಿಕೈಯೊಂದು ಗುಪ್ತವಾಗಿದ್ದರೆ ಸಾಕು, ಹಾಗಿರಬೇಕು ವ್ಯವಸ್ಥೆ ಎಂದು ಆಗಸ್ಟ್ ಕೆರ್ಕಾಫ್ಸ್ ಎಂಬ ಪಂಡಿತನು 1883ರಷ್ಟು ಹಿಂದೆಯೇ ಬರೆದಿದ್ದನು.

ಇನ್ನು ಮನೆ ಮತ್ತು ಪುಣೆ, ಈ ಎರಡೇ ಸಾಲವು. ಮೊಬೈಲ್ ಕಂಪನಿಗಳು ಒಂದೇ ಹೊರವಿಳಾಸವನ್ನು ಅನೇಕ ಗಿರಾಕಿಗಳಿಗೆ ಹಂಚಿರುತ್ತವೆ. ಹಳ್ಳಿಯ ಮನೆಯಿಂದ ಹೊರಗೆ ಕರೆಯಬಹುದು, ಹೊರಗಿನಿಂದ ಆ ಮನೆಯನ್ನು ಕರೆಯಲಾಗದು. ಅದಕ್ಕಾಗಿ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಸ್ಥಿರವಾದ ವಿಳಾಸವುಳ್ಳ ಸರ್ವರ್ ಯಂತ್ರವೊಂದನ್ನು ತಿಂಗಳ ಬಾಡಿಗೆಗೆ ಹಿಡಿಯುತ್ತಾರೆ. ಮನೆಯೂ ಮಗಳೂ ಅದಕ್ಕೇ ಕರೆ ಮಾಡುತ್ತಾರೆ. ಅದು ಇವರ ಮಾತನ್ನು ಅವರಿಗೆ ದಾಟಿಸುತ್ತದೆ. ಹೀಗೆ ದಾಟಿಸಲು ಆ ಯಂತ್ರಕ್ಕೆ ಬೇರೆಯಾಗಿ ಅನುಮತಿ ಕೊಡಬೇಕೆಂಬುದನ್ನು ಮರೆಯಬಾರದು.

ಈಗ ಮನೆಯ ಯಂತ್ರದ ಫೈಲು. ಸಾಲುಗಳ ಹೆಸರುಗಳನ್ನು ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಫೈಲಿಗೆ ಎರಡು ಭಾಗ. 'ಇಂಟರ್‌ಫೇಸ್' ಎಂಬ ಮೊದಲ ಭಾಗ 'ನಾನು ಯಾರು' ಎಂಬುದನ್ನು ಹೇಳುತ್ತದೆ. ಅದರಲ್ಲಿ 'ಪ್ರೈವೇಟ್‌ಕೀ' ಎಂಬ ಸಾಲಿನ ಮುಂದೆ ಮನೆಯ ಗುಪ್ತ ಕೀಲಿಕೈ, 'ಅಡ್ರೆಸ್' ಎಂಬ ಸಾಲಿನ ಮುಂದೆ ಗುಪ್ತ ದಾರಿಯೊಳಗಿನ ಮನೆ ನಂಬರು, ಎಂದರೆ 10.8.0.2/24. ಸರ್ವರಿಗೆ 10.8.0.1, ಮಗಳ ಯಂತ್ರಕ್ಕೆ 10.8.0.3 ಎಂದು ಇಟ್ಟುಕೊಳ್ಳೋಣ.

ಎರಡನೆಯ ಭಾಗ 'ಪೀರ್', ಎಂದರೆ ಜೊತೆಗಾರ. 'ನಾನು ಯಾರೊಡನೆ ಮಾತನಾಡುತ್ತೇನೆ' ಎಂಬುದು ಇಲ್ಲಿದೆ. 'ಪಬ್ಲಿಕ್‌ಕೀ' ಸಾಲಿನಲ್ಲಿ ಸರ್ವರಿನ ಬಹಿರಂಗ ಕೀಲಿ. 'ಎಂಡ್‌ಪಾಯಿಂಟ್' ಸಾಲಿನಲ್ಲಿ ಸರ್ವರಿನ ಹೊರವಿಳಾಸ, 203.0.113.10:51820 ಎಂಬಂತೆ. ಈ 203ರ ವಿಳಾಸ ಯಾರದೂ ಅಲ್ಲ, ಪುಸ್ತಕಗಳಲ್ಲಿ ಉದಾಹರಣೆ ಕೊಡಲೆಂದೇ ಕಾದಿರಿಸಿದ್ದು. ಇಲ್ಲಿ ಹೊಸಬರು ಎಡವುವುದು ಹೆಚ್ಚು: ತನ್ನ ಕೀಲಿಯನ್ನೇ ತನ್ನ ಫೈಲಿನ ಪೀರ್ ಭಾಗದಲ್ಲಿ ಬರೆದುಕೊಳ್ಳುತ್ತಾರೆ. ಬೀಗರು ತಾಂಬೂಲ ಬದಲಾಯಿಸಿಕೊಂಡಂತೆ ಇದೂ ಅದಲುಬದಲಾಗಬೇಕು. ನನ್ನ ಕೀಲಿ ಅವನ ಫೈಲಿನಲ್ಲಿ, ಅವನ ಕೀಲಿ ನನ್ನ ಫೈಲಿನಲ್ಲಿ.

'ಅಲೌಡ್‌ಐಪೀಸ್' ಎಂಬ ಸಾಲು ಚಿಕ್ಕದು, ಆದರೆ ಅದಕ್ಕೆ ಎರಡು ಅರ್ಥ. ಹೊರಗೆ ಹೋಗುವಾಗ ಯಾವ ವಿಳಾಸದ ಸಂದೇಶಗಳನ್ನು ಈ ಜೊತೆಗಾರನಿಗೆ ಒಪ್ಪಿಸಬೇಕು ಎಂಬುದೊಂದು; ಒಳಗೆ ಬರುವಾಗ ಯಾವ ವಿಳಾಸದಿಂದ ಬಂದೆನೆಂದು ಅವನು ಹೇಳಿದರೆ ನಂಬಬೇಕು ಎಂಬುದು ಇನ್ನೊಂದು. ಮನೆಯ ಫೈಲಿನಲ್ಲಿ 10.8.0.0/24 ಎಂದು ಬರೆದರೆ ಗುಪ್ತ ದಾರಿಯ ಮನೆಗಳಿಗೆ ಸಂಬಂಧಿಸಿದ್ದು ಮಾತ್ರ ಅದರಲ್ಲಿ ಹೋಗುತ್ತದೆ, ಉಳಿದದ್ದು ಎಂದಿನ ದಾರಿಯಲ್ಲಿ. 0.0.0.0/0 ಎಂದು ಬರೆದರೆ ಸಿನಿಮಾ ನೋಡಿದ್ದೂ ಸೇರಿ ಎಲ್ಲವೂ ಬಾಡಿಗೆ ಯಂತ್ರವನ್ನು ಸುತ್ತಿಯೇ ಹೋಗುತ್ತದೆ. ನಮ್ಮ ಉದಾಹರಣೆಗೆ ಅದು ಬೇಡ. ಸರ್ವರಿನ ಫೈಲಿನಲ್ಲಿಯಾದರೋ ಒಬ್ಬೊಬ್ಬರಿಗೂ ಒಂದೊಂದು ಪೀರ್ ಭಾಗ, ಮನೆಗೆ 10.8.0.2/32, ಮಗಳಿಗೆ 10.8.0.3/32. ಇಬ್ಬರಿಗೂ ಒಂದೇ ವಿಳಾಸ ಬರೆದರೆ ಯಂತ್ರ ತಕರಾರು ಮಾಡುವುದಿಲ್ಲ. ಕೊನೆಗೆ ಬರೆದವನಿಗೆ ವಿಳಾಸ ಸೇರುತ್ತದೆ, ಮೊದಲಿನವನು ಸುಮ್ಮನೆ ಕಡಿದುಹೋಗುತ್ತಾನೆ.

ಮನೆಯ ಫೈಲಿನ ಕೊನೆಗೆ 'ಪರ್ಸಿಸ್ಟೆಂಟ್‌ಕೀಪ್‌ಅಲೈವ್' ಎಂಬ ಉದ್ದ ಹೆಸರಿನ ಸಾಲು, ಮುಂದೆ 25. ಇಪ್ಪತ್ತೈದು ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ಕೂಗು ಹಾಕುತ್ತಿರು ಎಂದರ್ಥ. ಇಲ್ಲವಾದರೆ ಮೊಬೈಲ್ ಕಂಪನಿಯ ಯಂತ್ರ ಈ ದಾರಿ ಯಾರಿಗೂ ಬೇಡವೆಂದು ಮುಚ್ಚಿಬಿಡುತ್ತದೆ, ಆಮೇಲೆ ಮಗಳು ಎಷ್ಟು ಕರೆದರೂ ಮನೆಗೆ ಕೇಳಿಸದು.

ವೈರ್‌ಗಾರ್ಡಿನ ಒಂದು ಗುಣ ಕಲಿಯುವವರನ್ನು ಬಹಳ ಕಾಡುತ್ತದೆ. ಕೀಲಿ ತಪ್ಪಿದರೆ ಅದು 'ತಪ್ಪು' ಎಂದು ಕೂಡ ಹೇಳುವುದಿಲ್ಲ. ಅಪರಿಚಿತನಿಗೆ ಉತ್ತರವನ್ನೇ ಕೊಡಬಾರದೆಂಬುದು ಅದರ ನೇಮ. ಕೀಲಿಯೆಂದರೆ 44 ಅಕ್ಷರಗಳ ಸಾಲು, ಕೊನೆಯದು ಸಮಚಿಹ್ನೆ. ಸೊನ್ನೆಯನ್ನು ಇಂಗ್ಲಿಷಿನ 'ಓ' ಎಂದು ಬರೆದರೂ ಮುಗಿಯಿತು. ಆದ್ದರಿಂದ ಕೀಲಿಯನ್ನು ಕೈಯಿಂದ ಬರೆಯದೆ ನಕಲು ಮಾಡಿಯೇ ಅಂಟಿಸಬೇಕು. ಯಾರ ಕೀಲಿಯೆಂಬುದನ್ನು ಮೇಲಿನ ಸಾಲಿನಲ್ಲಿ # ಗುರುತು ಹಾಕಿ ಬರೆದಿಟ್ಟರೆ, ಯಂತ್ರ ಆ ಸಾಲನ್ನು ಓದುವುದಿಲ್ಲ, ನಮಗೆ ಮಾತ್ರ ನೆನಪಿಗೆ ಇರುತ್ತದೆ. ಎರಡೂ ಕಡೆ ಕೈ ಕುಲುಕಿದ್ದು ಯಾವಾಗ ಎಂಬುದನ್ನು ವೈರ್‌ಗಾರ್ಡ್ ತೋರಿಸುತ್ತದೆ. ಆ ವೇಳೆ ಕಾಣದಿದ್ದರೆ ಕೀಲಿ, ವಿಳಾಸಗಳನ್ನು ಮೊದಲು ನೋಡಬೇಕು.

ಅವೂ ಸರಿಯಿದ್ದರೆ ಗಡಿಯಾರವನ್ನು ನೋಡಬೇಕು. ಇದು ನಮ್ಮಂತೆ ಕರೆಂಟು ಹೋಗಿಬರುವ ಊರುಗಳವರು ತಿಳಿದಿರತಕ್ಕ ಸಂಗತಿ. ಪ್ರತಿ ಕೈಕುಲುಕಿನಲ್ಲಿಯೂ ಯಂತ್ರ ತನ್ನ ವೇಳೆಯನ್ನು ಬರೆದು ಕಳಿಸುತ್ತದೆ. ಹಿಂದೆ ಕಂಡದ್ದಕ್ಕಿಂತ ಹಳೆಯ ವೇಳೆ ಬಂದರೆ, ಯಾರೋ ಹಳೆಯ ಸಂದೇಶವನ್ನು ಕದ್ದು ಮತ್ತೆ ಕಳಿಸಿದ್ದಾರೆಂದು ಸರ್ವರ್ ಅದನ್ನು ತಳ್ಳಿಹಾಕುತ್ತದೆ. ಅಗ್ಗದ ಸಣ್ಣ ಗಣಕಯಂತ್ರಗಳಲ್ಲಿ ಹಲವಕ್ಕೆ ಗಡಿಯಾರದ ಬ್ಯಾಟರಿಯೇ ಇರುವುದಿಲ್ಲ. ಕರೆಂಟು ಹೋಗಿ ಬಂದಾಗ ಅವು ಹಳೆಯ ತಾರೀಖಿನಲ್ಲಿ ಎಚ್ಚರಗೊಂಡು, ಆಮೇಲೆ ಅಂತರ್ಜಾಲದಿಂದ ವೇಳೆ ಕೇಳಿ ಸರಿಪಡಿಸಿಕೊಳ್ಳುತ್ತವೆ. 0.0.0.0/0 ಎಂದು ಬರೆದಿದ್ದರೆ ವೇಳೆ ಕೇಳಲೂ ಗುಪ್ತ ದಾರಿಯೇ ಬೇಕು. ವೇಳೆ ಸರಿಯಾಗದೆ ಆ ದಾರಿ ತೆರೆಯದು! ಅದು ಬೇಡವೆಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಉಚಿತ ವಿ.ಪಿ.ಎನ್. ಎಂದು ಮೊಬೈಲಿನಲ್ಲಿ ಸಿಗುವ ಆಪ್‌ಗಳ ಮಾತು ಬೇರೆ. ಅಲ್ಲಿ ಸರ್ವರ್ ಪರರದು. ದಾರಿಯ ನಡುವಿನವರ ಕಣ್ಣು ತಪ್ಪಿಸಿ ಆ ಸರ್ವರಿನ ಒಡೆಯನ ಕಣ್ಣಿಗೆ ಬಿದ್ದಂತೆ. ಇಂಥ ಸೇವೆ ಮಾರುವವರು ಗಿರಾಕಿಗಳ ಹೆಸರು, ವಿಳಾಸಗಳನ್ನು ಐದು ವರ್ಷ ಕಾಯ್ದಿಡಬೇಕೆಂದು ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. ವಿ.ಪಿ.ಎನ್. ಹಾಕಿಕೊಂಡವನು ಅದೃಶ್ಯನಾಗುತ್ತಾನೆಂಬ ನಂಬಿಕೆ ಹುಡುಗರಲ್ಲಿದೆ. ಅದು ನಿಜವಲ್ಲ.

ಪಾಲಕರು ಗಮನಿಸಬೇಕಾದ ಮಾತು ಇನ್ನೊಂದಿದೆ. ಫೈಲು ಬರೆದುಕೊಡಿರೆಂದು ಪೇಟೆಯ ಅಂಗಡಿಗೆ ಹೋದರೆ, ಅವರೇ ಎರಡೂ ಕೀಲಿಗಳನ್ನು ಹುಟ್ಟಿಸಿ, ಸಿದ್ಧ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಬಹುದು. ಅನುಕೂಲವೇನೋ ಹೌದು. ಆದರೆ ಆ ಫೈಲಿನಲ್ಲಿ ಗುಪ್ತ ಕೀಲಿಕೈ ಮರೆಮಾಚದೆ ಬರೆದಿರುತ್ತದೆ. ಅಂಗಡಿಯ ಯಂತ್ರದಲ್ಲೊಂದು, ಮೊಬೈಲಿನಲ್ಲೊಂದು ಪ್ರತಿ ಉಳಿಯುತ್ತದೆ. ಅದು ಕೈಗೆ ಸಿಕ್ಕವನು ಮನೆಯವನಂತೆಯೇ ಒಳಗೆ ಬರುತ್ತಾನೆ. ಅದಕ್ಕಾಗಿ ಕೀಲಿಕೈಯನ್ನು ಆಯಾ ಯಂತ್ರದಲ್ಲಿಯೇ ಹುಟ್ಟಿಸಿ, ಬಹಿರಂಗ ಕೀಲಿಯನ್ನು ಮಾತ್ರ ಹೊರಗೆ ಕೊಡಬೇಕು. ಫೈಲನ್ನು ಒಡೆಯನ ಹೊರತು ಬೇರಾರೂ ಓದಲಾಗದಂತೆ ಲಿನಕ್ಸ್‌ನಲ್ಲಿ 600 ಎಂಬ ಅನುಮತಿಯಲ್ಲಿ ಇಡುತ್ತಾರೆ.

ಮಗಳ ಲ್ಯಾಪ್‌ಟಾಪ್ ಎಸ್.ಟಿ. ಬಸ್ಸಿನಲ್ಲಿ ಕಳೆದುಹೋಯಿತೆನ್ನೋಣ. ಆಗ ಸರ್ವರಿನ ಫೈಲಿನಲ್ಲಿ ಅವಳ ಹೆಸರಿನ ಪೀರ್ ಭಾಗದ ಮೂರು ಸಾಲುಗಳನ್ನು ಅಳಿಸಿ ವೈರ್‌ಗಾರ್ಡನ್ನು ಮತ್ತೆ ಚಾಲೂ ಮಾಡಿದರೆ, ಆ ಕೀಲಿಕೈ ಅಂದಿಗೆ ಕೆಲಸಕ್ಕೆ ಬಾರದಾಯಿತು. ಹೊಸ ಲ್ಯಾಪ್‌ಟಾಪಿನಲ್ಲಿ ಹೊಸ ಜೋಡಿ ಹುಟ್ಟಿಸಿ, ಅದರ ಬಹಿರಂಗ ಕೀಲಿಯನ್ನು ಅದೇ ಜಾಗದಲ್ಲಿ ಬರೆದರೆ ಸಾಕು. ತೋಟದ ಮನೆಯ ಫೈಲಿನಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.