ಮೊದಲ ಅನ್ನಕ್ಕೆ ತಂಬುಳಿ

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಹವ್ಯಕರ ಮನೆಗಳಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತರೆ ಮೊದಲ ಅನ್ನಕ್ಕೆ ಬೀಳುವುದು ತಂಬುಳಿ. ಸಾರು, ಹುಳಿ ಬರುವುದು ಆಮೇಲೆ. ಹಸಿವು ಚುರುಕಾಗಿರುವಾಗಲೇ, ನಾಲಗೆಗೆ ಖಾರ ತಾಗುವ ಮುನ್ನವೇ, ಸೊಪ್ಪಿನ ಪರಿಮಳದ ಈ ತಣ್ಣಗಿನ ಪದಾರ್ಥ ಹೊಟ್ಟೆ ಸೇರಬೇಕು ಎಂಬುದು ಅಲ್ಲಿನ ಕ್ರಮ. ದಕ್ಷಿಣ ಕನ್ನಡದ ಹಳ್ಳಿಮನೆಗಳಲ್ಲೂ ಇದು ಬಳಕೆಯಲ್ಲಿದೆ.

ಒತ್ತಡಕ್ಕೆ ಅಶ್ವಗಂಧದ ಮಾತ್ರೆ, ನೆನಪಿಗೆ ಬ್ರಾಹ್ಮಿಯ ಕ್ಯಾಪ್ಸೂಲ್ ಎಂದು ಅಂಗಡಿಯ ಕಪಾಟುಗಳು ತುಂಬಿರುವ ಕಾಲ ಇದು. ಮೂಲಿಕೆಯನ್ನು ದಿನನಿತ್ಯದ ಬದುಕಿಗೆ ಹೇಗೆ ತರಬೇಕು, ಎಷ್ಟು ತರಬೇಕು ಎಂಬ ಲೆಕ್ಕ ಮಾತ್ರೆಯ ಡಬ್ಬಿಗಿಂತ ಸ್ಪಷ್ಟವಾಗಿ ನನಗೆ ಕಂಡದ್ದು ತಂಬುಳಿಯಲ್ಲಿ.

ಒಂದೆಲಗದ ತಂಬುಳಿಯನ್ನೇ ನೋಡಿ. ತೋಟದ ಕಾಲುವೆ ಬದಿಯಲ್ಲಿ, ಗದ್ದೆಯ ಬದುವಿನಲ್ಲಿ, ನೀರಿನ ಪಸೆ ಆರದ ಕಡೆಯೆಲ್ಲ ನೆಲಕ್ಕಂಟಿ ಹಬ್ಬುವ ಗಿಡ ಇದು. ತುಳುವರಿಗೆ ಇದೇ ತಿಮರೆ. ನಾಲ್ಕು ಜನರ ಊಟಕ್ಕೆ ಒಂದು ಹಿಡಿ ಸಾಕು. ಮಣ್ಣು ಹೋಗುವಂತೆ ಮೂರ್ನಾಲ್ಕು ನೀರಿನಲ್ಲಿ ತೊಳೆಯಬೇಕು. ಬೇರು ಎಳೆಯದಾಗಿದ್ದರೆ ಅದನ್ನೂ ಬಿಡುವುದಿಲ್ಲ. ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಅರ್ಧ ಹೋಳು ತೆಂಗಿನಕಾಯಿ ತುರಿಯೊಂದಿಗೆ ಹಸಿ ಸೊಪ್ಪನ್ನು ನುಣ್ಣಗೆ ಬೀಸಬೇಕು. ಅದಕ್ಕೆ ಕಡೆದ ಮಜ್ಜಿಗೆ, ಉಪ್ಪು, ಬೇಕಿದ್ದರೆ ಚೂರು ಬೆಲ್ಲ. ಕೊನೆಗೆ ಸಾಸಿವೆ, ಒಣಮೆಣಸಿನ ಒಗ್ಗರಣೆ. ಇಷ್ಟಾದ ಮೇಲೆ ಒಲೆಯ ಮೇಲಿಡುವ ಮಾತೇ ಇಲ್ಲ. ಕುದಿಸಿದರೆ ಅದು ತಂಬುಳಿಯಲ್ಲ. ಮಜ್ಜಿಗೆ ಹುಳಿ ಏರುವ ಮುನ್ನ, ಅಂದಂದಿನದು ಅಂದಂದೇ ಮುಗಿಯಬೇಕು.

ಎಲ್ಲ ಸೊಪ್ಪಿಗೂ ಇದೇ ಕ್ರಮ ಎಂದುಕೊಳ್ಳಬೇಡಿ. ಯಾವುದನ್ನು ಹಸಿಯಾಗಿ ಬೀಸಬೇಕು, ಯಾವುದನ್ನು ಬಾಡಿಸಬೇಕು ಎಂಬುದರಲ್ಲೇ ಈ ಅಡುಗೆಯ ಜಾಣ್ಮೆ ಇರುವುದು. ಘಾಟು ಹೆಚ್ಚಿರುವ ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿದರೆ ಘಾಟು ಇಳಿದು ಪರಿಮಳ ಉಳಿಯುತ್ತದೆ. ನೆಗಡಿ, ಕೆಮ್ಮಿನ ದಿನಗಳಿಗೆ ಅದು. ಮಳೆಗಾಲದಲ್ಲಿ ಜೀರ್ಣಶಕ್ತಿ ಕುಗ್ಗಿದಾಗ ಶುಂಠಿಯದು, ಮೆಂತ್ಯದ್ದು. ಹೊಟ್ಟೆ ಕೆಟ್ಟರೆ ದಾಳಿಂಬೆ ಸಿಪ್ಪೆಯದು, ಇಲ್ಲವೇ ಕುಡಿ ತಂಬುಳಿ. ಈ ಕುಡಿ ತಂಬುಳಿಗಾಗಿ ಪೇರಳೆ, ನೇರಳೆ, ಕೇಪಳದಂಥ ಗಿಡಗಳ ಚಿಗುರು ಹುಡುಕಿಕೊಂಡು ಹಿತ್ತಿಲು, ಬೆಟ್ಟ ಸುತ್ತಬೇಕು. ಚಿಗುರಿನ ಒಗರು ಸಡಿಲಾದ ಹೊಟ್ಟೆಯನ್ನು ಬಿಗಿಯುತ್ತದೆ. ವೈದ್ಯರ ಚೀಟಿಯಿಲ್ಲದೆ ನಡೆಯುವ ಈ ವ್ಯವಹಾರವೆಲ್ಲ ನಿಂತಿರುವುದು ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ದಾಟಿಬಂದ ಗಿಡದ ಗುರುತಿನ ಮೇಲೆ. ಅಡುಗೆಯ ವಿಧಾನವನ್ನು ಯಾರು ಬೇಕಾದರೂ ಬರೆದಿಡಬಹುದು. ಬೆಟ್ಟದಲ್ಲಿ ನಿಂತು ಇದೇ ಆ ಚಿಗುರು ಎಂದು ಬೆರಳು ತೋರುವ ತಿಳಿವಳಿಕೆ ಪುಸ್ತಕಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ನನ್ನ ಚಿಂತೆ ಅದರ ಬಗ್ಗೆಯೇ.

ಒಂದೆಲಗ ಅಡುಗೆಮನೆಯ ನಂಬಿಕೆಯಷ್ಟೇ ಆಗಿ ಉಳಿದದ್ದಲ್ಲ. ಚರಕಸಂಹಿತೆ ಬುದ್ಧಿ, ಸ್ಮೃತಿಗೆ ಹಿತವೆಂದು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮೊದಲನೆಯದೇ ಮಂಡೂಕಪರ್ಣಿ, ಅಂದರೆ ನಮ್ಮ ಒಂದೆಲಗದ ಹಸಿ ರಸ. ಉಳಿದ ಮೂರು ಜ್ಯೇಷ್ಠಮಧು, ಅಮೃತಬಳ್ಳಿ ಮತ್ತು ಶಂಖಪುಷ್ಪಿ. ಕರ್ನಾಟಕದ ಹಲವೆಡೆ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಆದರೆ ಮಾತ್ರೆಗಳಲ್ಲಿ ಬ್ರಾಹ್ಮಿ ಎಂದು ಬರುವುದು ಸಾಮಾನ್ಯವಾಗಿ ನೀರುಬ್ರಾಹ್ಮಿ. ದಪ್ಪನೆಯ ಪುಟ್ಟ ಎಲೆಗಳ ಬೇರೆಯದೇ ಗಿಡ. ಕೊಳ್ಳುವವರು ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ಪ್ರಯೋಗಾಲಯ ಏನನ್ನುತ್ತದೆ? ಕೆನಡಾದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಮಂದಿ ಆರೋಗ್ಯವಂತರ ಪೈಕಿ ಕೆಲವರಿಗೆ 12 ಗ್ರಾಂ ಒಂದೆಲಗವನ್ನೂ ಉಳಿದವರಿಗೆ ಹುಸಿ ಔಷಧವನ್ನೂ ಕೊಟ್ಟಿದ್ದರು. ಒಂದೆಲಗ ತೆಗೆದುಕೊಂಡವರು ಹಠಾತ್ ಸದ್ದಿಗೆ ಬೆಚ್ಚಿಬೀಳುವುದು ಕಡಿಮೆಯಾಯಿತು. ಆತಂಕ ತಗ್ಗಿಸುವ ಗುಣ ಇದ್ದೀತು ಎನ್ನುವುದಕ್ಕೆ ಅದು ಸುಳಿವು, ಅಷ್ಟೇ. ಅಶ್ವಗಂಧದ ಬೇರಿಗೆ ಪುರಾವೆ ಸ್ವಲ್ಪ ಹೆಚ್ಚು. 2012ರ ಅಧ್ಯಯನವೊಂದರಲ್ಲಿ ಒತ್ತಡದಿಂದ ಬಳಲುತ್ತಿದ್ದ 64 ಮಂದಿಯಲ್ಲಿ ಒಂದು ಗುಂಪಿಗೆ ಬೇರಿನ ಸಾರವನ್ನು 300 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, 60 ದಿನ ಕೊಟ್ಟಾಗ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಗಣನೀಯವಾಗಿ ಇಳಿದಿತ್ತು. ಆದರೆ ಅದೇ ಅಶ್ವಗಂಧದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ದಾಖಲಾಗಿವೆ. ಗರ್ಭಿಣಿಯರು ಅದರ ತಂಟೆಗೆ ಹೋಗಬಾರದು. ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಪ್ರಮಾಣ ಮೀರಿದರೆ ಏನಾಗುತ್ತದೆ ಎನ್ನುವುದಕ್ಕೆ ತಂಬುಳಿಯದೇ ಇನ್ನೊಂದು ಸೊಪ್ಪು ಸಾಕ್ಷಿ. ಚಕ್ರಮುನಿಯನ್ನು ನಮ್ಮಲ್ಲಿ ವಿಟಮಿನ್ ಸೊಪ್ಪು ಎಂದೇ ಕರೆದು ಬೇಲಿಸಾಲಿಗೆ ನೆಡುತ್ತಾರೆ. ಹತ್ತಾರು ಎಲೆ ಕೊಯ್ದು, ತುಪ್ಪದಲ್ಲಿ ಬಾಡಿಸಿ ತಂಬುಳಿ ಮಾಡುತ್ತಾರೆ. 1990ರ ದಶಕದ ನಡುವಿನಲ್ಲಿ ತೈವಾನ್‌ನಲ್ಲಿ ಮೈ ತೂಕ ಇಳಿಯುತ್ತದೆಂಬ ಸುದ್ದಿ ಹಬ್ಬಿ ಜನ ಇದೇ ಎಲೆಯ ಹಸಿ ರಸವನ್ನು ವಾರಗಟ್ಟಲೆ ಕುಡಿದರು. ಶ್ವಾಸಕೋಶದ ಸಣ್ಣ ನಾಳಗಳು ಮತ್ತೆ ಸರಿಹೋಗದಂತೆ ಕಟ್ಟಿಕೊಂಡು ಇನ್ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಗಿಡ ಅದೇ. ಬೇಯಿಸದೆ, ಅಳತೆಯಿಲ್ಲದೆ, ದಿನವೂ ಕುಡಿದದ್ದು ಕೇಡಾಯಿತು. ಮಲೆನಾಡಿನ ಮನೆಯಲ್ಲಿ ಇವತ್ತು ಚಕ್ರಮುನಿಯಾದರೆ ನಾಳೆ ಜೀರಿಗೆ, ನಾಡಿದ್ದು ಬಸಳೆ. ಒಂದೇ ಸೊಪ್ಪು ದಿನದಿನವೂ ಎಲೆಗೆ ಬೀಳುವುದಿಲ್ಲ.

ತಂಬುಳಿ ಉಂಡರೆ ಮನಸ್ಸಿನ ಒತ್ತಡ ಕಳೆಯುತ್ತದೆ ಎಂದು ಮಲೆನಾಡಿನ ಹಿರಿಯರು ಹೇಳುವುದನ್ನು ನಾನು ಕೇಳಿಲ್ಲ. ಅವರ ಮಾತು ಇಷ್ಟೇ: ಮೈ ತಂಪಾಗುತ್ತದೆ, ಹೊಟ್ಟೆ ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಈ ಮೂರೂ ಕೈಗೂಡಿದರೆ ದಿನದ ಕಿರಿಕಿರಿ ಅರ್ಧ ಇಳಿದಂತೆಯೇ ಎಂಬುದು ನನ್ನ ನಂಬಿಕೆ. ವಾರಗಟ್ಟಲೆ ನಿದ್ದೆ ಕೆಟ್ಟವರಿಗೆ, ಎದೆ ಹಿಂಡುವ ಆತಂಕ ಇರುವವರಿಗೆ ಸೊಪ್ಪಿನ ಮೇಲೆ ಭಾರ ಹಾಕದೆ ವೈದ್ಯರ ಬಳಿ ಹೋಗಿ ಎನ್ನುತ್ತೇನೆ.

ಪೇಟೆಯವರಿಗೂ ಒಂದೆಲಗ ಕಷ್ಟವಲ್ಲ. ಅಗಲ ಬಾಯಿಯ ಕುಂಡ, ಅರೆನೆರಳು, ಸದಾ ಒದ್ದೆ ಮಣ್ಣು ಇದ್ದರೆ ಸಾಕು. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲೇ ಬೇರಿರುವ ಒಂದೆರಡು ಬಳ್ಳಿಯನ್ನು ಆರಿಸಿ ಊರಿದರೆ ಗಂಟುಗಂಟಿಗೂ ಬೇರಿಳಿದು ಕೆಲವೇ ವಾರಗಳಲ್ಲಿ ಕುಂಡ ತುಂಬುತ್ತದೆ. ಮೋರಿಯ ಬದಿಯಲ್ಲಿ, ಕಾರ್ಖಾನೆಯ ನೀರು ಹರಿಯುವ ಕಡೆ ಬೆಳೆದದ್ದನ್ನು ಮಾತ್ರ ಎಷ್ಟು ಹಸಿರಾಗಿದ್ದರೂ ಕೀಳಬೇಡಿ. ನೆಲದಲ್ಲಿರುವ ಸೀಸದಂಥ ಲೋಹಗಳನ್ನು ಈ ಗಿಡ ಹೀರಿಕೊಳ್ಳುತ್ತದೆ, ತೊಳೆದರೆ ಅದು ಹೋಗುವುದಿಲ್ಲ. ಕೊಯ್ಯುವಾಗ ತೊಟ್ಟಿನ ಬುಡದಲ್ಲಿ ಕತ್ತರಿಸಿ ಬಳ್ಳಿಯನ್ನು ಉಳಿಸಿಕೊಂಡರೆ ಮುಂದಿನ ವಾರದ ತಂಬುಳಿಗೂ ಅದೇ ಕುಂಡ ಸಾಕು.